ಎದುರಾಳಿ ಅಂಗಡಿಯ ಕ್ಲಿಕ್ಕುಗಳು

ಅಣ್ಣನಿಗೆ (‘ಪ್ರೀತಿಯ’ ಅಂತ ಬರೆಯೋದು ಸಿಟ್ಟು ಆರಿದ ಮೇಲೆ),

ಹೇಗಿದ್ದೀಯ ಅಂತ ಕೇಳಲ್ಲ. ನಮ್ಮ ಹೊಲಿಗೆ ಅಂಗಡಿಯ ಜಾಹೀರಾತನ್ನು ಇಂಟರ್ನೆಟ್ಟಿನಲ್ಲಿ ದಿನಾ ಹತ್ತಾರು ಸಲ ಕ್ಲಿಕ್ ಮಾಡುವಷ್ಟು ಗಟ್ಟಿಮುಟ್ಟಾಗಿದ್ದೀಯ ಅಂತ ಗೊತ್ತಾಗಿದೆ.

ಒಂದೊಂದು ಕ್ಲಿಕ್ಕಿಗೂ ನಾವು ದುಡ್ಡು ಕಟ್ಟಬೇಕು; ನೀನು ಒತ್ತಿದಾಗಲೆಲ್ಲ ನನ್ನ ಜೇಬಿಗೆ ಕತ್ತರಿ. ಮಧ್ಯಾಹ್ನದೊಳಗೆ ಆ ದಿನದ ಜಾಹೀರಾತಿನ ದುಡ್ಡು ಮುಗಿದುಹೋಗಿ, ನಿಜವಾದ ಗಿರಾಕಿಗಳಿಗೆ ನಾವು ಕಾಣಿಸುತ್ತಲೇ ಇರಲಿಲ್ಲ. ಜಾಹೀರಾತು ನೋಡಿಕೊಳ್ಳುವಾಕೆ, “ಇದು ಎದುರಾಳಿ ಅಂಗಡಿಯವರ ಕೆಲಸ ಅಕ್ಕಾ” ಅಂತ ಆ ಕ್ಲಿಕ್ಕುಗಳು ಬಂದ ಇಂಟರ್ನೆಟ್ ಸಂಪರ್ಕದ ನಂಬರು ತೋರಿಸಿದಳು. ಮೈಯೆಲ್ಲ ಉರಿದುಹೋಯಿತು. ಅಂಗಡಿ ಪಾಲಾಗಿ ನೀನು ಬೇರೆ ಅಂಗಡಿ ಹಾಕಿದಾಗ ಹೊಲಿಗೆ ಮಿಷನ್ನು ನನಗೆ, ಇಂಟರ್ನೆಟ್ ಸಂಪರ್ಕ ನಿನಗೆ ಬಂತಲ್ಲ, ಅದೇ ನಂಬರು! ಆ ನಂಬರಿಗೆ ನಮ್ಮ ಜಾಹೀರಾತೂ ಕಾಣಬಾರದು, ಪುಟವೂ ತೆರೆಯಬಾರದು ಅಂತ ಆಗಲೇ ತಡೆ ಹಾಕಿಸಿದೆ.

ಜಾಹೀರಾತು ಒತ್ತಿ ಬಂದವರು ಪುಟದಲ್ಲಿ ಏನು ನೋಡಿದರು ಅನ್ನೋದೂ ಆಕೆಗೆ ಕಾಣುತ್ತದಂತೆ. ಆಮೇಲೆ ಅದನ್ನೂ ತೋರಿಸಿದಳು. ನೀನು ನಮ್ಮ ದರ ನೋಡಿಲ್ಲ, ಡಿಸೈನು ನೋಡಿಲ್ಲ. ಪ್ರತಿ ಸಲವೂ ಅಮ್ಮ ಮಿಷನ್ ಮುಂದೆ ಕೂತಿರುವ ಫೋಟೋ ತೆರೆದು, ದೊಡ್ಡದು ಮಾಡಿ ನೋಡಿ, ಹೊರಟುಹೋಗಿದ್ದೀಯ.

ಆದರೂ ತಡೆ ತೆಗೆಸಲ್ಲ. ನನ್ನ ಅಂಗಡಿಯೂ ನಡೆಯಬೇಕಲ್ಲ. ಅಮ್ಮನನ್ನು ನೋಡಬೇಕಿದ್ದರೆ ಎರಡು ಬೀದಿ ದಾಟಿ ಬಾ. ಬರುವಾಗ ನೀನು ಒಯ್ದ ದೊಡ್ಡ ಕತ್ತರಿ ತಗೊಂಡು ಬಾ.

ಅಮ್ಮನಿಗೆ ಎಲ್ಲ ಹೇಳಿದೆ. ನಿನ್ನನ್ನು ಚೆನ್ನಾಗಿ ಬಯ್ಯುತ್ತಾಳೆ ಅಂದುಕೊಂಡಿದ್ದೆ. “ಆ ಫೋಟೋದಲ್ಲಿ ನಾನು ತಲೆ ಬಾಚಿಕೊಂಡಿದ್ದೆನಾ?” ಅಂತ ಕೇಳಿದಳು, ಅಷ್ಟೇ. ಈಗ ದಿನಾ ಬಾಚಿಕೊಂಡೇ ಮಿಷನ್ ಮುಂದೆ ಕೂರುತ್ತಾಳೆ.

ನಿನ್ನ ತಂಗಿ