ಉಲ್ಟಾ ಕೂತ ಕ್ಲಚ್ ಪ್ಲೇಟ್

ಜೂನ್ ೧೨, ಗುರುವಾರ

ಇವತ್ತು ಅಣ್ಣನ ಮುಖ ನೋಡಬೇಕಿತ್ತು. ಅವನು ಕೂರಿಸಿದ ಗೇರ್‌ಬಾಕ್ಸನ್ನು ನಾನು ಮತ್ತೆ ಇಳಿಸಬೇಕಾಯಿತು, ಕಾರಿಗೆ ಗೇರ್ ಬೀಳುತ್ತಲೇ ಇರಲಿಲ್ಲ. ಒಳಗೆ ಕ್ಲಚ್ ಪ್ಲೇಟ್ ಉಲ್ಟಾ ಕೂತಿತ್ತು. ನನಗೆ ಈ ಕೆಲಸ ಕಲಿಸಿದವನು, ತಪ್ಪಿದಾಗಲೆಲ್ಲ ಗಿರಾಕಿಗಳ ಎದುರೇ ನನ್ನ ತಲೆಗೆ ಮೊಟಕಿದವನು ಅವನೇ. ಸದ್ದಿಲ್ಲದೆ ತಿರುಗಿಸಿ ಹಾಕಬಹುದಿತ್ತು. ಹಾಕಲಿಲ್ಲ. ಕಾರಿನ ಯಜಮಾನನನ್ನೂ ಪಕ್ಕದ ವೆಲ್ಡರನನ್ನೂ ಕರೆದು ತೋರಿಸಿದೆ.

"ಕಣ್ಣು ಮಂಜಾಗ್ತಿದೆ ಕಣೋ," ಎಂದ ಅಣ್ಣ, ಮೆಲ್ಲಗೆ.

"ಹಾಗಾದ್ರೆ ಸ್ಪ್ಯಾನರ್ ಇಟ್ಟು ಗಾಡಿ ತೊಳಿ. ಅದಕ್ಕೆ ಕಣ್ಣು ಬೇಡ."

ವೆಲ್ಡರ್ ನಕ್ಕ. ಅಣ್ಣ ಬಕೆಟ್ ಎತ್ತಿಕೊಂಡು ಹೋಗಿ ಸಂಜೆಯವರೆಗೂ ತೊಳೆದ. ನನಗೆ ಹಾಲು ಕುಡಿದಷ್ಟು ಸಂತೋಷ.

ಊಟಕ್ಕೆ ಕೂತಾಗ ಅತ್ತಿಗೆ ಅವನನ್ನು ಕೇಳಿದರು, "ಬಟ್ಟೆ ಯಾಕೆ ಇಷ್ಟು ಒದ್ದೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣನೇ ಹೇಳಿದ, "ಗ್ಯಾರೇಜಲ್ಲಿ ನಲ್ಲಿ ಕಿತ್ಕೊಂಡಿತ್ತು. ಇವನೇ ಸರಿ ಮಾಡ್ದ."

ನನ್ನ ಮರ್ಯಾದೆ ಉಳಿಸಿದನಂತೆ. ಯಾರು ಕೇಳಿದ್ದರು? ಮೈಯೆಲ್ಲ ಉರಿದುಹೋಯಿತು, ಈಗಲೂ ಉರಿಯುತ್ತಿದೆ. ನಾಳೆ ಅವನು ಬರುವ ಮೊದಲೇ ಸ್ಪ್ಯಾನರ್‌ಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತೇನೆ. ಬೀಗದ ಕೈ ಮನೆಗೇ ತರುತ್ತೇನೆ. ಬೇಕಿದ್ದರೆ ಅತ್ತಿಗೆಯ ಎದುರಿಗೇ ಕೇಳಲಿ, ಆಗ ಯಾವ ಸುಳ್ಳು ಹೇಳುತ್ತಾನೋ ನೋಡೋಣ.