ಕೇಳಿದ ಕಡ್ಡಿ, ಕದ್ದ ಕಡ್ಡಿ

ಕೊರ್ದೊಬಾ,
ಮೇ ತಿಂಗಳ ಕೊನೆ

ಪ್ರೀತಿಯ ಫುಯೆನ್ಸಾಂತ ಅತ್ತೆಗೆ,

ನಿಮ್ಮ ಮುಖ ನೋಡುವ ಧೈರ್ಯ ನನಗಿನ್ನೂ ಬಂದಿಲ್ಲ. ಮೊನ್ನೆ ಬ್ರೆಡ್ಡಿನ ಅಂಗಡಿಯಲ್ಲಿ ನಿಮ್ಮ ಬೆನ್ನು ಕಂಡು ಬರಿಗೈಯಲ್ಲಿ ಮನೆಗೆ ಮರಳಿದೆ. ಅದಕ್ಕೇ ಈ ಕಾಗದ.

ಅಜ್ಜಿ ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಾಗ ಅಂಗಳದ ಜೆರೇನಿಯಂ ಗಿಡಗಳನ್ನು ನನಗೆ ಒಪ್ಪಿಸಿದ್ದಳು. ಮಲಗಿದಲ್ಲಿಂದಲೇ ಪಾಠ. "ಬೆಳಿಗ್ಗೆ ಬುಡಕ್ಕೆ ನೀರು ಹಾಕು, ಎಲೆ ತೋಯಿಸ್ಬೇಡ. ಬಾಡಿದ ಹೂವನ್ನ ತೊಟ್ಟಿನ ಸಮೇತ ಮುರಿ. ಕನಿಕರ ಪಟ್ಟೆಯೋ, ಗಿಡ ಬೀಜ ಕಟ್ಕೊಂಡು ಸುಮ್ಮನಾಗುತ್ತೆ." ಎಲ್ಲ ಮಾಡಿದೆ. ಉದ್ದನೆಯ ಕೋಲಿಗೆ ಕಟ್ಟಿದ ತಗಡಿನ ಡಬ್ಬಿಯಿಂದ ಗೋಡೆಯ ಮೇಲಿನ ಕುಂಡಗಳಿಗೂ ನೀರುಣಿಸಿದೆ. ಆದರೆ ಗಿಡಗಳ ಸುತ್ತ ಸುಳಿಯುತ್ತಿದ್ದ ಪುಟ್ಟ ಕಂದು ಚಿಟ್ಟೆಗಳನ್ನು ಓಡಿಸಲಿಲ್ಲ. ಚೆಂದವೆಂದು ನೋಡುತ್ತ ಕೂತೆ. ಅವುಗಳ ಹುಳುಗಳು ದಂಟನ್ನು ಒಳಗಿಂದಲೇ ಕೊರೆದವು. ಅಜ್ಜಿಗೆ ಅವಳ ತಾಯಿಯಿಂದ ಬಂದ, ಕೆಂಪು ದ್ರಾಕ್ಷಾರಸದ ಬಣ್ಣದ ಗಿಡವೇ ಕಪ್ಪಾಗಿ ಸತ್ತಿತು.

ಆ ಬಣ್ಣ ಉಳಿದಿದ್ದದ್ದು ನಿಮ್ಮ ಅಂಗಳದಲ್ಲಿ ಮಾತ್ರ. ಅಜ್ಜಿ ಮನೆಗೆ ಬರುವ ಮುನ್ನ ನಿಮ್ಮ ಬಾಗಿಲಿಗೆ ಬಂದೆ. ದಾರಿಯುದ್ದಕ್ಕೂ ಉರು ಹೊಡೆದಿದ್ದ ವಿನಯದ ಮಾತುಗಳನ್ನು ಒಪ್ಪಿಸಿ, ನೆಡಲು ಒಂದು ಕಡ್ಡಿ ಕೊಡಿ ಎಂದು ಕೇಳಿದೆ.

"ನಾನು ಯಾರಿಗೂ ಕಡ್ಡಿ ಕೊಡೋಳಲ್ಲ" ಎಂದಿರಿ. ನನ್ನ ಕಿವಿ ಸುಟ್ಟಿತು. "ಕಾಫಿ ಮಾಡ್ತೀನಿ. ನನ್ನ ಒಲೆ ಬಲು ನಿಧಾನ. ಬಾವಿಕಟ್ಟೆ ಮೇಲೆ ಕತ್ತರಿ ಇದೆ, ಜೋಪಾನ" ಎಂದು ಒಳಗೆ ಹೋದಿರಿ.

ಜೋಪಾನ ಎಂದಿರಲ್ಲ, ಕತ್ತರಿಯನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು ಕೈಕಟ್ಟಿ ನಿಂತೆ. ನೀವು ಹೊರಗೆ ಬಂದು ಗಿಡ ನೋಡಿದಿರಿ, ಕತ್ತರಿ ನೋಡಿದಿರಿ, ಆಮೇಲೆ ನನ್ನನ್ನು.

"ಅಯ್ಯೋ ನನ್ನ ತಾಯಿ, ನಿಮ್ಮಜ್ಜಿ ನಿನಗೇನೂ ಕಲಿಸಲಿಲ್ವೇನೇ? ಕೊಟ್ಟ ಕಡ್ಡಿ ಕೊಳೆಯುತ್ತೆ, ಕದ್ದದ್ದು ಚಿಗುರುತ್ತೆ. ನಾನಿದನ್ನ ನಿಮ್ಮ ಗೋಡೆಯಿಂದ ಕದಿಯೋವಾಗ ಅವಳು ನನಗೆ ಬೆನ್ನು ಹಾಕಿ ಬಟಾಣಿ ಸುಲೀತಾ ಕೂತಿದ್ಲು. ಸರಿ, ಈಗ ನಾನು ಸಕ್ಕರೆ ಮರೆತೆ."

ಮತ್ತೆ ಒಳಗೆ ಹೋದಿರಿ, ಈ ಸಲ ಬಾಗಿಲನ್ನೂ ಎಳೆದುಕೊಂಡು. ನಾನು ಒಂದು ಕಡ್ಡಿ ಕತ್ತರಿಸಿ, ಅಂಗಿಯೊಳಗೆ ಬಚ್ಚಿಟ್ಟು, ನಿಜವಾದ ಕಳ್ಳಿಯಂತೆ ಓಡಿದೆ. ನೀವು ನನಗೂ ಕಾಫಿ ಬಗ್ಗಿಸಿದ್ದಿರಿ ಎಂಬುದು ಬೀದಿಯ ತಿರುವಿನಲ್ಲಿ ಹೊಳೆಯಿತು. ತಿರುಗಿ ಬರಲು ಕಾಲೇಳಲಿಲ್ಲ. ಗಿಡ ಸತ್ತ ನಾಚಿಕೆಗಿಂತ ಆರಿಹೋದ ಆ ಕಾಫಿಯ ನಾಚಿಕೆಯೇ ನನ್ನನ್ನು ಹೆಚ್ಚು ಸುಡುತ್ತಿದೆ.

ಅಜ್ಜಿ ಬಂದವಳೇ ಕುಂಡದಲ್ಲಿನ ಮೋಟು ಕಡ್ಡಿಯನ್ನು ನೋಡಿ "ಯಾರ ಮನೇದು?" ಎಂದಳು. ನಿಮ್ಮ ಹೆಸರು ಹೇಳಿದೆ. "ಕೇಳಿದ್ಯಾ, ಕದ್ದ್ಯಾ?" ಕದ್ದೆ ಎಂದೆ. ತಲೆಯಾಡಿಸಿದಳು. ಹಳೆಯ ಗಿಡ ಏನಾಯಿತೆಂದು ಇವತ್ತಿನವರೆಗೂ ಕೇಳಿಲ್ಲ.

ಕಡ್ಡಿ ಚಿಗುರಿದೆ. ಧನ್ಯವಾದ ಹೇಳಿದರೂ ಕಡ್ಡಿ ಕೊಳೆಯುತ್ತದೆ ಎನ್ನುತ್ತಾಳೆ ಅಜ್ಜಿ; ಹಾಗಾಗಿ ಆ ಮಾತನ್ನು ಬರೆಯುವುದಿಲ್ಲ. ನಮ್ಮಲ್ಲಿರುವಂಥ ಬಿಳಿ ಜೆರೇನಿಯಂ ನಿಮ್ಮ ಅಂಗಳದಲ್ಲಿ ಕಾಣಲಿಲ್ಲ. ಭಾನುವಾರ ಬೆಳಿಗ್ಗೆ ನಮ್ಮ ಬಾಗಿಲು ತೆರೆದಿರುತ್ತದೆ, ಕತ್ತರಿ ಮೆಟ್ಟಿಲ ಮೇಲಿರುತ್ತದೆ. ನಾವಿಬ್ಬರೂ ಬೆನ್ನು ಹಾಕಿ ಬಟಾಣಿ ಸುಲಿಯುತ್ತಿರುತ್ತೇವೆ. ಕದ್ದ ಮೇಲೆ ನನ್ನಂತೆ ಓಡಬೇಡಿ. ಕಾಫಿ ಬಿಸಿಯಾಗಿರುತ್ತದೆ.

ನಿಮ್ಮ ಗೋಡೆಗಳು ಚಳಿ ಬೀಳುವವರೆಗೂ ಹೂ ಹೊತ್ತು ನಿಂತಿರಲಿ.

ತಲೆ ತಗ್ಗಿಸಿಕೊಂಡೇ,
ಆರಾಸೆಲಿ