ದೀಕ್ಷಾ ನೋಡದೆ ಬಿಟ್ಟ ಕಂತು

ಮರವಂತೆ
೨೭ ಸೆಪ್ಟೆಂಬರ್ ೨೦೧೮, ಗುರುವಾರ

ದೀಕ್ಷಾಳ ಅಪ್ಪನಿಗೆ ಸುಗುಣಳ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಹೋಟೆಲಿನ ಒಲೆಯ ಹೊಗೆಯಲ್ಲಿ ನಿಂತು ನಿಂತು ಅದು ಹೋಗುವುದೇ ಇಲ್ಲ ಎಂದು ಘಾಟ್‌ಕೋಪರಿನಿಂದ ಬಂದ ನಮ್ಮೂರಿನವರೇ ಹೇಳಿದರು. ಮಲಗುವ ಮುಂಚೆ ಬಿಸಿನೀರು ಕುಡಿಯಿರಿ. ಇಲ್ಲಿ ನಾನು, ಮಗಳು, ಅತ್ತೆ ಮೂವರೂ ಆರೋಗ್ಯವಾಗಿದ್ದೇವೆ ಎಂದು ಬರೆಯಬೇಕು. ಮೈಯಲ್ಲಿ ಆರೋಗ್ಯವಾಗಿಯೇ ಇದ್ದೇವೆ. ವಾರಕ್ಕೆರಡು ಸಲ ಫೋನ್ ಮಾಡುವಾಗ ಇವಳೇಕೆ ಕಾಗದ ಬರೆದಳು ಎಂದು ನಿಮಗೆ ಅನಿಸಬಹುದು. ನಮ್ಮ ಮನೆಯ ಜಗಲಿಯಲ್ಲಿ ಮಾತಾಡಿದ್ದು ಅಡುಗೆಮನೆಗೂ ಕೇಳುತ್ತದೆ, ಅಡುಗೆಮನೆಯಲ್ಲಿ ಮಾತಾಡಿದ್ದು ಜಗಲಿಗೂ ಕೇಳುತ್ತದೆ. ಒಂದು ಕಡೆ ಅತ್ತೆ, ಇನ್ನೊಂದು ಕಡೆ ದೀಕ್ಷಾ. ಇದನ್ನು ಬರೆಯಲಿಕ್ಕೆಂದೇ ಈಗ ಅಂಗಳದ ಕಲ್ಲಿನ ಮೇಲೆ ಕುಳಿತಿದ್ದೇನೆ.

ರೋಷನ್ ಮತ್ತು ದೀಕ್ಷಾ ಜುಲೈ ತಿಂಗಳಿಡೀ ಮೊಬೈಲಿನಲ್ಲಿ ಒಂದು ಜಪಾನಿನ ಧಾರಾವಾಹಿ ನೋಡುತ್ತಿದ್ದರು, ನೆನಪಿದೆಯಾ? ಚಿತ್ರ ಬಿಡಿಸಿ ಮಾಡಿದ್ದು, ಅನಿಮೆ ಎನ್ನುತ್ತಾರೆ. ಕಡಲಿಗೆ ಹೋಗುವ ಹಾಗಿಲ್ಲದ ದಿನಗಳು, ರೋಷನ್‌ಗೆ ಬೇರೆ ಕೆಲಸವಿರಲಿಲ್ಲ. ಶನಿವಾರ ಸಂಜೆ ಹೊಸ ಕಂತು ಬಂತೆಂದರೆ ಚಿಕ್ಕಪ್ಪ, ಮಗಳು ಇಬ್ಬರೂ ಒಂದೇ ಚಾಪೆಯ ಮೇಲೆ ತಲೆ ತಾಗಿಸಿ ಕುಳಿತುಕೊಳ್ಳುತ್ತಿದ್ದರು. ಕಥೆ ಇಷ್ಟು: ಮೋಡದ ಮೇಲೊಬ್ಬ ರಾಜ. ಬೆಳ್ಳಗಿನ ಕೂದಲು, ಕಂಡರೆ ಹುಡುಗಿಯರು ಮರುಳಾಗಬೇಕು, ಹಾಗೆ ಬಿಡಿಸಿದ್ದಾರೆ. ಅವನ ಕಾಲು ನೆಲಕ್ಕೆ ತಾಗಿದರೆ ತಾಗಿದಷ್ಟು ಭಾಗ ಕಲ್ಲಾಗುತ್ತದೆಂದು ಯಾರದೋ ಶಾಪ. ಹೊಳೆ ದಾಟಿಸುವ ಮನೆಯ ಹುಡುಗಿಯೊಬ್ಬಳು ಅವನನ್ನು ಹಾರುವ ದೋಣಿಯಲ್ಲಿ ಕೂರಿಸಿಕೊಂಡು ಊರೂರು ಸುತ್ತುತ್ತಾಳೆ. ಇಬ್ಬರಿಗೂ ಪ್ರೀತಿ. ಅವಳು ಮೋಡದಲ್ಲಿ ಬದುಕಲಾರಳು, ಅವನು ನೆಲದಲ್ಲಿ. ರೋಷನ್ ಅದನ್ನು ನೋಡಿದಾಗಲೆಲ್ಲ ಅವಳು ಹುಟ್ಟು ಹಿಡಿಯುವ ಚಂದಕ್ಕೆ ಬೈಯುತ್ತಿದ್ದ. "ಇವ್ಳ್ ಗಂಗೊಳ್ಳಿ ಹೊಳಿಯಂಗೆ ಹೀಂಗ್ ಹುಟ್ಟ್ ಹಾಕ್ರೆ ದೋಣಿ ಅಲ್ಲೇ ತಿರ್ಗತ್ತ್" ಎನ್ನುತ್ತಿದ್ದ. ರಾಜನಿಗೆ ಅವನಿಟ್ಟ ಹೆಸರು ಹಿಟ್ಟಿನ ಮಂಡೆಯವ. ದೀಕ್ಷಾಳಿಗೆ ಸಿಟ್ಟು ಬರುತ್ತಿತ್ತು, ಆದರೂ ಅವನಿಲ್ಲದೆ ನೋಡುತ್ತಿರಲಿಲ್ಲ.

ಆಗಸ್ಟಿನಲ್ಲಿ ರೋಷನ್ ಹೋದ ದೋಣಿ ಮಗುಚಿದ ದಿನ ಮಳೆ ಜೋರೆಂದು ಅವನು ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿದ್ದ. ಅದು ಅಂದಿನಿಂದ ದೀಕ್ಷಾಳ ಹತ್ತಿರವೇ ಇದೆ. ಚಾರ್ಜಿಗೆ ಹಾಕುತ್ತಾಳೆ, ಒರೆಸಿ ಇಡುತ್ತಾಳೆ, ತೆರೆಯುವುದಿಲ್ಲ. ಇಬ್ಬರೂ ನೋಡಿದ ಕೊನೆಯ ಕಂತಿನಲ್ಲಿ ದೋಣಿ ಓಲಾಡಿ ರಾಜನ ಹಿಮ್ಮಡಿ ನೆಲಕ್ಕೆ ತಾಗುತ್ತದೆ, ಅಲ್ಲಿಗೇ ನಿಲ್ಲಿಸಿದ್ದಾರೆ. ಆಮೇಲೆ ಎಷ್ಟೋ ಶನಿವಾರ ಹೋಯಿತು. ಕಥೆ ಇನ್ನೂ ಅರ್ಧವೂ ಆಗಿಲ್ಲವಂತೆ, ಡಿಸೆಂಬರ್ ತನಕ ಇದೆಯಂತೆ. "ಚಿಕ್ಕಪ್ಪ ಬಪ್ಪತನ್ಕ ನಾನ್ ಕಾಂತಿಲ್ಲೆ" ಎಂದವಳು ಅದೇ ಮಾತಿಗೆ ನಿಂತಿದ್ದಳು. ನೀವು ತಮ್ಮನನ್ನು ಹುಡುಕಲಿಕ್ಕೆ ಬಂದಿದ್ದಾಗಲೂ ಇದನ್ನು ಕೇಳಿದ್ದೀರಿ, ಮಕ್ಕಳ ಮಾತು ಎಂದು ಬಿಟ್ಟೆವು. ಆದರೆ ಅತ್ತೆ ಬಿಡಲಿಲ್ಲ. ದೇಹ ಸಿಗದಿದ್ದರೂ ಮಹಾಲಯ ಅಮಾವಾಸ್ಯೆಯ ಒಳಗೆ ದರ್ಭೆಯ ಬೊಂಬೆ ಮಾಡಿಯಾದರೂ ಕ್ರಿಯೆ ಮುಗಿಸಬೇಕೆಂದು ಹೇಳಲಿಕ್ಕೆ ನಿಮ್ಮ ಶೀನ ದೊಡ್ಡಪ್ಪ ಬಂದಾಗ, ಅತ್ತೆ ದೀಕ್ಷಾಳ ಕಡೆಗೆ ಕೈ ತೋರಿಸಿ, "ಆ ಮಗು ಸುಮ್ನೆ ಕಾಯ್ತಿಲ್ಲೆ. ಅದ್ಕೆ ಎಂತದೋ ತಿಳ್ದಿತ್ತ್" ಎಂದರು. ದೊಡ್ಡಪ್ಪ ಚಾ ಕುಡಿಯದೆ ಎದ್ದು ಹೋದರು. ಅಂದಿನಿಂದ ಅಜ್ಜಿ ಮೊಮ್ಮಗಳನ್ನು ಹಿಡಿದುಕೊಂಡು, ಮೊಮ್ಮಗಳು ಅಜ್ಜಿಯನ್ನು ಹಿಡಿದುಕೊಂಡು ನಿಂತ ಹಾಗಾಯಿತು. ರೋಷನ್‌ನ ಊಟದ ಬಟ್ಟಲನ್ನು ದಿನಾ ನಾನೇ ಬಡಿಸಿ ಮುಚ್ಚಿಡಬೇಕು, ಸಂಜೆ ಕೋಳಿಗೆ ಹಾಕಬೇಕು.

ಹೋದ ವಾರ ಒಂದು ಹೆದರಿಕೆಯ ಸಂಗತಿ ನಡೆಯಿತು. ಫೋನಿನಲ್ಲಿ ನಿಮಗೆ ಹೇಳಲಿಲ್ಲ. ಶಾಲೆಯ ವ್ಯಾನಿನಲ್ಲಿ ಪೂಜಿತಾ ಎಂಬ ಹುಡುಗಿ ಆ ಧಾರಾವಾಹಿಯ ಮುಂದಿನ ಕಥೆ ಹೇಳಲಿಕ್ಕೆ ಶುರು ಮಾಡಿದ್ದಾಳೆ. ಬೇಡ ಎಂದರೂ ಕೇಳಲಿಲ್ಲವಂತೆ. ದೀಕ್ಷಾ ಕಿವಿಗೆ ಬೆರಳಿಟ್ಟುಕೊಂಡು ತ್ರಾಸಿಯಲ್ಲೇ ವ್ಯಾನ್ ಇಳಿದು, ಆ ಲಾರಿಗಳ ನಡುವೆ ಹೆದ್ದಾರಿಯ ಅಂಚಿನಲ್ಲಿ ನಡೆದುಕೊಂಡು ಬಂದಿದ್ದಾಳೆ. ಕುಷ್ಟ ಕಂಡು ಬೈಕ್ ನಿಲ್ಲಿಸಿದನಂತೆ. ಅದೇ ದೋಣಿಯಲ್ಲಿದ್ದು ಈಜಿ ಬಂದ ಕುಷ್ಟ. ಅವನ ಬೈಕಿಗೆ ಇವಳು ಹತ್ತಲಿಲ್ಲ. ಅವನು ಬೈಕ್ ತಳ್ಳಿಕೊಂಡು ಅವಳ ಹಿಂದೆ ಮನೆಯವರೆಗೆ ನಡೆದು ಬಂದ. ಬಾಗಿಲಲ್ಲಿ ನನ್ನ ಹತ್ತಿರ, "ಅಕ್ಕ, ಅದ್ ನನ್ನ್ ಮೊಕ ಕಾಣುದಿಲ್ಲೆ. ನಾನ್ ಬಂದದ್ದೇ ತಪ್ಪಾ" ಎಂದು ಕೇಳಿದ. ಅಷ್ಟು ದೊಡ್ಡ ಗಂಡಸು ಅಳುವುದನ್ನು ನಾನು ನೋಡಿರಲಿಲ್ಲ. ನೀರು ಕೊಟ್ಟು ಕಳಿಸಿದೆ.

ಇನ್ನು ಸುಮ್ಮನಿದ್ದರೆ ಮಗಳೂ ಕೈಬಿಟ್ಟು ಹೋಗುತ್ತಾಳೆಂದು ಅನಿಸಿತು. ಶನಿವಾರ ಮಧ್ಯಾಹ್ನ ಅವಳು ಶಾಲೆಯಿಂದ ಬಂದಾಗ, ನಾನು ಆ ಕಥೆಯನ್ನು ಮೊದಲಿನಿಂದ ನೋಡುತ್ತೇನೆ, ಹಚ್ಚಿಕೊಡು ಎಂದೆ. ಹಚ್ಚಿಕೊಟ್ಟು ಒಳಗೆ ಹೋದಳು. ಮಾತು ಜಪಾನಿನದು, ಕೆಳಗೆ ಅಕ್ಷರ ಇಂಗ್ಲಿಷಿನದು. ನನಗೆ ಎರಡೂ ಬಾರದು. ಮುಖ ನೋಡಿ ಊಹೆ ಮಾಡುತ್ತ ಕುಳಿತೆ. ಒಂದು ಕಡೆ ಆ ಹುಡುಗಿ ಕೈ ಚಾಚುತ್ತಾಳೆ, ರಾಜ ದೋಣಿಯಿಂದ ಜಾರುತ್ತಾನೆ. ಅವಳೇ ಅವನನ್ನು ನೂಕಿದಳಲ್ಲ ಎಂದು ನನ್ನಷ್ಟಕ್ಕೆ ಗಟ್ಟಿಯಾಗಿ ಹೇಳಿದೆ. ಒಳಗಿನಿಂದ ಉತ್ತರ ಬಂತು: "ನೂಕ್ದದಲ್ಲ ಅಮ್ಮ, ಹಿಡ್ಕಂಬುಕ್ ಹೋದ್ದ್." ಸ್ವಲ್ಪ ಹೊತ್ತಿಗೆ ನಾನು ಇನ್ನೊಂದು ತಪ್ಪು ಹೇಳಿದೆ. ಇದನ್ನು ಬೇಕೆಂದೇ ಹೇಳಿದ್ದು. ಅವಳು ಬಾಗಿಲ ತನಕ ಬಂದಳು. ಭಾನುವಾರ ಚಾಪೆಯ ತುದಿಗೆ ಬಂದಳು. ಮಂಗಳವಾರ ಪಕ್ಕದಲ್ಲೇ ಕುಳಿತು ಅಕ್ಷರಗಳನ್ನು ಓದಿ ನಮ್ಮ ಭಾಷೆಯಲ್ಲಿ ಹೇಳತೊಡಗಿದಳು. ನಿಮಗೆ ನಗು ಬರಬಹುದು, ನನಗೂ ಆ ರಾಜನ ಮೇಲೆ ಕರುಣೆ ಬಂತು. ಅಷ್ಟು ಚಂದದವನು, ಒಂದು ಹೆಜ್ಜೆ ಇಡುವ ಹಾಗಿಲ್ಲ.

ನಿನ್ನೆ ಸಂಜೆ, ಚಿಕ್ಕಪ್ಪ, ಮಗಳು ನೋಡಿ ನಿಲ್ಲಿಸಿದ್ದ ಜಾಗಕ್ಕೆ ಬಂದೆವು. ಅವಳು ಮೊಬೈಲ್ ಮಗುಚಿಟ್ಟಳು. "ಇನ್ನ್ ಬೇಡ" ಎಂದಳು. ಸರಿ, ನೀನು ನೋಡಬೇಡ, ನಾನು ನೋಡುತ್ತೇನೆ, ಆದರೆ ನೀನು ಹೇಳದಿದ್ದರೆ ನನಗೇನೂ ತಿಳಿಯುವುದಿಲ್ಲ ಎಂದೆ. ತುಂಬ ಹೊತ್ತು ಚಾಪೆಯ ಎಳೆ ಕೀಳುತ್ತಿದ್ದಳು. ಮತ್ತೆ ತಾನೇ ಮುಂದಿನ ಕಂತು ಹಚ್ಚಿದಳು. ರಾಜ ಸಾಯುತ್ತಾನೇನೋ ಎಂದು ಹೆದರಿದ್ದೆ. ಹಾಗೇನೂ ಇಲ್ಲ. ಕಾಲು ಕಲ್ಲಾದವನನ್ನು ಆ ಹುಡುಗಿ ದೊಡ್ಡ ಬುಟ್ಟಿಯಲ್ಲಿ ಕೂರಿಸಿ, ತಲೆಯ ಮೇಲೆ ಹೊತ್ತು, ಮೀನಿನ ಸಂತೆಯ ಮಧ್ಯೆ ಹೋಗುತ್ತಾಳೆ. ಬುಟ್ಟಿಯಲ್ಲಿರುವುದು ಯಾವ ಮೀನು, ಎಷ್ಟಕ್ಕೆ ಕೊಡುತ್ತೀ ಎಂದು ಹೆಂಗಸರೆಲ್ಲ ಮುತ್ತಿಕೊಳ್ಳುತ್ತಾರೆ. ಒಬ್ಬಳು ಅವನ ಕೆನ್ನೆ ಒತ್ತಿ ತಾಜಾ ಹೌದೋ ಅಲ್ಲವೋ ನೋಡುತ್ತಾಳೆ. ದೀಕ್ಷಾ ನಕ್ಕಳು. ಇಷ್ಟು ದಿನಗಳ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿತು. ಹೊಟ್ಟೆ ಹಿಡಿದುಕೊಂಡು ನಗುತ್ತ ನನ್ನ ತೋಳಿಗೆ ಹೊಡೆದು, "ಅಮ್ಮ, ಚಿಕ್ಕಪ್ಪ ಇದ್ದಿದ್ರೆ ಎಷ್ಟ್ ನೆಗಾಡ್ತಿದ್ರ್" ಎಂದಳು.

ಇದ್ದಿದ್ದರೆ. ಬಾಯಿಂದ ಬಿದ್ದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ನಗು ಹಾಗೇ ನಿಂತಿತು. ಹಿಟ್ಟಿನ ಮಂಡೆಯವ ತನ್ನ ಪಾಡಿಗೆ ಮಾತಾಡುತ್ತಿದ್ದ. ಅವಳು ನನ್ನ ಮಡಿಲಿಗೆ ಬಿದ್ದು ಅತ್ತದ್ದನ್ನು ನಾನು ಬರೆಯಲಾರೆ. ಅತ್ತು ಮುಗಿದ ಮೇಲೆ ಗಂಜಿ ಊಟ ಮಾಡಿದಳು. ಈ ಬೆಳಿಗ್ಗೆ ವ್ಯಾನ್ ಹತ್ತುವ ಮೊದಲು, ಕುಷ್ಟಣ್ಣನಿಗೆ ಮನೆಗೆ ಬರಲಿಕ್ಕೆ ಹೇಳಬೇಕು ಎಂದಳು.

ಆದರೆ ನಿನ್ನೆಯ ಆ ಇದ್ದಿದ್ದರೆ ಎಂಬ ಮಾತನ್ನು ಅತ್ತೆ ಅಡುಗೆಮನೆಯಲ್ಲಿ ಕೇಳಿದ್ದರು. ಬಾಗಿಲಿಗೆ ಬಂದು ನಿಂತು, "ಮಗಿನ್ ಬಾಯಂಗೆ ನೀನೇ ಹೇಳ್ಸಿದೆ" ಎಂದರು. ಅಷ್ಟೇ. ನಿನ್ನೆಯಿಂದ ನನ್ನ ಹತ್ತಿರ ಮಾತಿಲ್ಲ, ನಾನು ಬಡಿಸಿದ್ದನ್ನು ಮುಟ್ಟುವುದಿಲ್ಲ. ದೀಕ್ಷಾ ಹತ್ತಿರ ಹೋದರೆ ಮುಖ ತಿರುಗಿಸುತ್ತಾರೆ. ಹುಡುಗಿ ಕಾಯುತ್ತಿದ್ದಾಳೆ ಎಂಬ ಒಂದೇ ಆಧಾರದ ಮೇಲೆ ಅವರು ನಿಂತಿದ್ದರು. ಮಗಳನ್ನು ಎಬ್ಬಿಸಲಿಕ್ಕೆ ಹೋಗಿ ನಿಮ್ಮ ಅಮ್ಮನನ್ನು ಬೀಳಿಸಿದೆನೇನೋ. ಈ ಶನಿವಾರ ಹೊಸ ಕಂತು ಬರುತ್ತದೆ, ನಡುವಿನದ್ದೆಲ್ಲ ನೋಡಿ ಮುಗಿಸಬೇಕೆಂದು ದೀಕ್ಷಾ ಹೇಳಿದ್ದಾಳೆ. ಅದಕ್ಕೆ ಸಂತೋಷಪಡಲೋ, ಅತ್ತೆಗೆ ಹೆದರಲೋ ತಿಳಿಯುತ್ತಿಲ್ಲ.

ನಿಮ್ಮ ಜೊತೆಯವರಿಗೆಲ್ಲ ನನ್ನ ನೆನಪು ಹೇಳಿ. ಹೊತ್ತಿಗೆ ಸರಿಯಾಗಿ ಉಣ್ಣಿ. ದೀಕ್ಷಾ ನಿಮ್ಮ ಕಾಲಿಗೆ ನಮಸ್ಕಾರ ತಿಳಿಸಿದ್ದಾಳೆ.

ನಿಮ್ಮ
ಸುಗುಣ

ಮ.ವಿ.: ಲಕೋಟೆ ಅಂಟಿಸುವಷ್ಟರಲ್ಲಿ ಅತ್ತೆ ಅಂಗಳಕ್ಕೆ ಬಂದರು, ಹಾಗಾಗಿ ಅವಸರದಲ್ಲಿ ಬರೆಯುತ್ತಿದ್ದೇನೆ. ಯಾರಿಗೆ ಬರೆಯುತ್ತಿದ್ದೀ ಎಂದು ಕೇಳಲೂ ಇಲ್ಲ. ನಿಮ್ಮ ಹೆಸರೆತ್ತಿ, "ಸೂರ ಬಂದ್ ನನ್ ಎದ್ರಿಗ್ ಕೂಕಂಡ್ ಹೇಳ್ಲಿ, ತಮ್ಮ ಇಲ್ಲೆ ಅಂದೇಳಿ. ಅವ ಹೇಳ್ರೆ ಕೇಂತೆ. ಬೇರೆ ಯಾರ್ ಹೇಳ್ರೂ ಕೇಂತಿಲ್ಲೆ" ಎಂದು ಹೇಳಿ ಒಳಗೆ ಹೋದರು. ನೀವು ಹುಡುಕಲಿಕ್ಕೆ ಬಂದವರು ಅಮ್ಮನ ಮುಖ ನೋಡದೆಯೇ ಬಸ್ಸು ಹತ್ತಿದಿರಿ, ನಿಮಗೂ ಆ ಮಾತು ಬಾಯಿಗೆ ಬರುವುದಿಲ್ಲ ಎಂದು ನನಗೆ ಗೊತ್ತು. ಆದರೂ ಅಮಾವಾಸ್ಯೆಗೆ ಮುಂಚೆ ಬನ್ನಿ. ಫೋನಿನಲ್ಲಿ ಹೇಳಬೇಡಿ. ಬರುವ ದಿನ ನನಗೆ ಮಾತ್ರ ತಿಳಿಸಿ. ಅತ್ತೆಗೆ ಮೊದಲೇ ಗೊತ್ತಾದರೆ ಬೀಜಾಡಿಯ ತಂಗಿಯ ಮನೆಗೆ ಹೋಗಿ ಕುಳಿತುಬಿಡುತ್ತಾರೆ.